ಗಾಳಿಪೆಟ್ಟಿಗೆ

ಅಲ್ ಐನ್ ಸನಾಯ್ಯದ ಹದಿನೇಳನೇ ಗಲ್ಲಿಯಲ್ಲಿ
ಬೆಳಿಗ್ಗೆ ಏಳಕ್ಕೇ ಸ್ಪಾನರು ಕೈ ಸುಡುತ್ತದೆ.
ಹಮದಾನ್ ಬಂದ. ಹೊಸ ಲೈಸೆನ್ಸು, ಅಪ್ಪನ ಹಳೆ ಪಟ್ರೋಲು,
ತೊಡೆಯ ಮೇಲೆ ಹಸುಗೂಸಿನಂತೆ ಒಂದು ಡಬ್ಬ.
ಒಳಗೆ ಕನ್ನಡಿಯಂಥ ಅಲ್ಯೂಮಿನಿಯಂ ಕೊಳವೆ,
ತುದಿಗೆ ಕೆಂಪು ಶಂಕು.
"ಇದನ್ನು ಹಾಕು, ರಫೀಕ್. ಹದಿನೈದು ಕುದುರೆ ಜಾಸ್ತಿ."
ಡಬ್ಬದ ಮೇಲೆ ಹಾಗೇ ಬರೆದಿತ್ತು.

ಬಾನೆಟ್ಟು ಎತ್ತಿ ಕಂಪನಿಯ ಪೆಟ್ಟಿಗೆ ತೋರಿಸಿದೆ.
ಕರಿ ಪ್ಲಾಸ್ಟಿಕ್ಕು. ಚೆಲುವೇನಿಲ್ಲ.
ಬುತ್ತಿ ಡಬ್ಬಿಯ ಹಾಗೆ ನಾಲ್ಕು ಕ್ಲಿಪ್ಪು,
ಒಳಗೆ ನೆರಿಗೆ ಹಿಡಿದ ಕಾಗದ;
ಮದುವೆ ಸೀರೆಯ ನೆರಿಗೆಯೂ ಇಷ್ಟು ಸಮ ಬರುವುದಿಲ್ಲ.
ಮೂಗು ಮಾತ್ರ ಮಡ್‌ಗಾರ್ಡಿನ ಮರೆಯಲ್ಲಿ,
ಇಂಜಿನ್ನಿನ ಸೆಕೆಗೆ ಬೆನ್ನು ಹಾಕಿ
ಹೊರಗಿನ ಗಾಳಿ ಎಳೆಯುತ್ತದೆ.
ಪಕ್ಕದಲ್ಲೊಂದು ಕುರುಡು ಕೋಣೆ, ಎಲ್ಲಿಗೂ ದಾರಿಯಿಲ್ಲ,
ಸದ್ದು ಅಲ್ಲಿ ಹೊಕ್ಕು ತನ್ನನ್ನೇ ಗುದ್ದಿಕೊಂಡು ಸುಮ್ಮನಾಗುತ್ತದೆ.

ನಿನ್ನ ಶಂಕು ಬಾಯ್ತೆರೆದು ಕೂರುವುದು ಒಲೆಯ ಪಕ್ಕ, ಅಂದೆ.
ಅವನು ಕೇಳಿದ: ಸದ್ದು?
ಬರುತ್ತದೆ ಅಂದೆ.
ಅಷ್ಟೇ ಸಾಕಿತ್ತು ಅವನಿಗೆ.

ಹಾಕಿದೆ. ಒಂದೂವರೆ ತಾಸು, ನೂರೈವತ್ತು ದಿರ್ಹಂ.
ಸಿಗ್ನಲ್ಲಿನಲ್ಲಿ ನಿಂತರೆ ಒಳಗೆಳೆವ ಗಾಳಿ ಎಪ್ಪತ್ತೊಂದು ಡಿಗ್ರಿ;
ಕಂಪನಿಯದಕ್ಕೆ ಐವತ್ತೆರಡು, ಚೀಟಿಯಲ್ಲಿ ಬರೆದಿಟ್ಟಿದ್ದೆ.
ಆದರೆ ದುಬೈ ರಸ್ತೆಗೆ ಬಿದ್ದು ನೂರು ದಾಟಿದ ಮೇಲೆ
ಎರಡಕ್ಕೂ ಅಂತರ ನಾಲ್ಕೇ ಡಿಗ್ರಿ. ಸುಳ್ಳು ಹೇಳಬಾರದು.
ಇನ್ನೊಂದೂ ಹೇಳಬೇಕು:
ಟ್ರಯಲ್ಲಿಗೆಂದು ಒಯ್ದವನು
ಎರಡು ರೌಂಡಬೌಟು ಹೆಚ್ಚೇ ಸುತ್ತಿದೆ.
ಕಾಲೊತ್ತಿದರೆ ಹುಲಿ ಆಕಳಿಸಿದ ಹಾಗೆ.
ಹತ್ತೊಂಬತ್ತು ವರ್ಷ ಈ ಊರಲ್ಲಿ ದನಿ ಎತ್ತದ ನಾನು
ಒಂದು ನಿಮಿಷ ಇನ್ನಾರದೋ ಗಂಟಲಿಂದ ಕೂಗಿಕೊಂಡೆ.

ಕುದುರೆ ಎಷ್ಟು ಬಂದವು, ಅಬ್ಬೋನು ಕೇಳಿದ,
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ.
ಡೈನೋ ಅಂಗಡಿಯವನು ನಾಲ್ಕು ಅಂದನಂತೆ.
"ನಾಲ್ಕೇ? ಹುಲ್ಲಿನ ಖರ್ಚಾದರೂ ಉಳಿಯಿತು."

ಹಳೆ ಪೆಟ್ಟಿಗೆಯನ್ನು ಅವನು ಒಯ್ಯಲಿಲ್ಲ.
ಮಾರ್ಕರಿನಲ್ಲಿ ಹೆಸರು ಬರೆದು ಅಟ್ಟಕ್ಕೇರಿಸಿದೆ.
ಅದಕ್ಕೂ ಮುಂಚೆ ಕಾಗದವನ್ನು ನೆಲಕ್ಕೆ ತಟ್ಟಿದರೆ
ಬೊಗಸೆಯಷ್ಟು ಲಿವಾ ಮರಳು, ಒಂದು ಮಿಡತೆ,
ಖರ್ಜೂರದ ನಾರು, ಬೆಳವನ ಗರಿ.
ಇಷ್ಟನ್ನೂ ಹೊಸ್ತಿಲಾಚೆಯೇ ನಿಲ್ಲಿಸಿ
ಒಂದು ದಿನವೂ ಹೇಳಿಕೊಂಡದ್ದಲ್ಲ ಅದು.

ಜೂನಿನ ಶಮಾಲ್ ಮೂರು ದಿನ ಬೀಸಿತು.
ಒದ್ದೆ ಶೆಮಾಗು ಮೂಗಿಗೆ ಸುತ್ತಿ ಕೆಲಸ ಮಾಡಿದೆವು;
ಸಂಜೆ ಹಿಂಡಿದರೆ ಚಹಾ ಬಣ್ಣದ ನೀರು.
ನಾಲ್ಕನೇ ದಿನ ಪಟ್ರೋಲು ಬಂತು, ರಿಕವರಿಯ ಬೆನ್ನ ಮೇಲೆ.
ಕೊಳವೆಯೊಳಗೆ ಬೆರಳಾಡಿಸಿದೆ:
ರಾಗಿಹಿಟ್ಟಿನಷ್ಟು ನಯ, ಎಣ್ಣೆ ಬೆರೆತ ದೂಳು.
ಗಾಳಿ ಅಳೆಯುವ ತಂತಿಗೂ ಅದೇ ಅಂಟಿ
ಇಂಜಿನ್ನಿಗೆ ಲೆಕ್ಕ ತಪ್ಪಿತ್ತು.
ಬೆರಳನ್ನು ಹಮದಾನನ ಮುಂದೆ ಹಿಡಿದೆ.
ಮಾತಾಡದೆ, ಬಿಳಿ ಕಂದೂರಕ್ಕೆ ತಾಗದಂತೆ ಹಿಂದೆ ಸರಿದ.

ಪೆಟ್ಟಿಗೆ ಇಳಿಸಿದೆ. ಹೊಸ ಕಾಗದ, ಮೂವತ್ತೈದು ದಿರ್ಹಂ.
ಸ್ಟಾರ್ಟ್ ಮಾಡಿದರೆ ಗಾಡಿ ಪಿಸುಗುಟ್ಟಿತು.
ಹುಡುಗನ ಮುಖ ನೋಡಲಾಗಲಿಲ್ಲ.

ಮತ್ತೆ ಬಾನೆಟ್ಟು ಎತ್ತಿದೆ.
ಆ ಕುರುಡು ಕೋಣೆಯನ್ನು ಬಿಚ್ಚಿ
ತೂತಿಗೆ ರಬ್ಬರ್ ಬಿರಡೆ ಬಡಿದೆ. ಕಾಗದ ಮುಟ್ಟಲಿಲ್ಲ.
ಕಾಲೊತ್ತು ಅಂದೆ.
ಹುಲಿಯೇನಲ್ಲ. ಬೆಕ್ಕಿಗಿಂತ ತುಸು ದೊಡ್ಡದೇನೋ
ಒಳಗಿನಿಂದ ಗುರುಗುಟ್ಟಿತು.
ಅವನು ನಕ್ಕ. ಇದಕ್ಕೆಷ್ಟು ರಫೀಕ್, ಅಂದ.

ಕುರುಡು ಕೋಣೆ ಈಗ ನಮ್ಮ ಅಟ್ಟದ ಮೇಲಿದೆ.
ಅಬ್ಬೋನು ಅದರಲ್ಲಿ ನಟ್ಟು ಬೋಲ್ಟು ತುಂಬಿಡುತ್ತಾನೆ.