ಒಂದು ಗುಲಗಂಜಿಯಷ್ಟು

ಖೋರ್ ಖುವೈರ್‌ನಲ್ಲಿ ಹನ್ನೆರಡೂವರೆಗೆ ಸೈರನ್ನು.
ಬೇಸಿಗೆಯ ಕಾನೂನು: ಮೂರರ ತನಕ
ಬಯಲಲ್ಲಿ ಯಾರೂ ದುಡಿಯುವಂತಿಲ್ಲ.
ಹೆಲ್ಮೆಟ್ಟು ಮಗುಚಿಟ್ಟು, ಅದರೊಳಗೆ ಕೈಗವಸು ತುರುಕಿ
ಎಲ್ಲರೂ ತಗಡಿನ ನೆರಳಿಗೆ ಸರಿದ ಮೇಲೆ
ಸಿಮೆಂಟಿನ ಚಿಮಣಿಯ ಪಕ್ಕ, ನಮ್ಮ ಸಣ್ಣ ಕೊಳವೆಯ ಹತ್ತಿರ
ಒಬ್ಬನೇ ಪಾಳಿಗೆ ನಿಲ್ಲುತ್ತಾನೆ, ಸೂರ್ಯ.
ಅವನಿಗೆ ಕಾನೂನು ಅನ್ವಯಿಸುವುದಿಲ್ಲ.

ಸುಣ್ಣದಕಲ್ಲು ಬೇಯುವಾಗ
ಕಲ್ಲಿನ ಹೊಟ್ಟೆಯ ಪಾದರಸ ಹೊಗೆಯ ಜೊತೆ ಏಳುತ್ತದೆ.
ಬಣ್ಣವಿಲ್ಲ, ವಾಸನೆಯಿಲ್ಲ.
ನೀರಲ್ಲಿ ತೊಳೆದರೆ ಕರಗದು, ಚೀಲದಲ್ಲಿ ಸೋಸಿದರೆ ನಿಲ್ಲದು,
ಯಾರೊಡನೆಯೂ ಕೂಡದ ಒಂಟಿ ಪರಮಾಣು
ದಾಟಿ ಹೋಗಿ ಎಂದೋ ಸಮುದ್ರಕ್ಕೆ ಇಳಿದು
ಕೆಸರಿನ ಹುಳಕ್ಕೆ, ಹುಳದಿಂದ ಮರಿಮೀನಿಗೆ,
ಮರಿಮೀನಿನಿಂದ ಅಂಜಲಿಗೆ.
ಖಲ್ಫಾನನ ಹೆಂಡತಿಗೆ ಈಗ ಐದು ತಿಂಗಳು.
ಡಾಕ್ಟರು ದೊಡ್ಡ ಮೀನು ಬೇಡ ಅಂದಿದ್ದಾರೆ.
ಎರಡು ದೋಣಿ ಇರುವ ಮನೆಯಲ್ಲಿ
ಕೋಳಿ ಬೇಯುತ್ತಿದೆ.

ನಾವು ಮಾಡುವುದು ಇಷ್ಟೇ.
ಗಾಜಿನ ಗುಂಡುಗಳಿಗೆ ಬಿಳಿ ಪುಡಿ ಬಳಿದು
(ಗೋಡೆಯ ಬಣ್ಣದಲ್ಲಿ ಇರುವಂಥದೇ ಪುಡಿ)
ಕೊಳವೆಗೆ ತುಂಬಿ, ಕ್ವಾರ್ಟ್ಸ್ ಗಾಜಿನ ಕಿಟಕಿ ಕೂರಿಸಿದ್ದೇವೆ.
ಬೆಳಕು ತಾಗಿದಲ್ಲಿ ಒಂದು ಎಲೆಕ್ಟ್ರಾನು
ಕೂತ ಜಾಗ ಬಿಟ್ಟು ಎದ್ದು ನಿಲ್ಲುತ್ತದೆ.
ಖಾಲಿಯಾದ ಜಾಗಕ್ಕೆ ಹಸಿವು.
ಆ ಹಸಿವು, ಸುಮ್ಮನೆ ಹಾದುಹೋಗುತ್ತಿದ್ದ ಪಾದರಸವನ್ನು ತಡೆದು
ಆಮ್ಲಜನಕದ ಜೊತೆ ಗಂಟು ಹಾಕುತ್ತದೆ.
ಗಂಟು ಬಿದ್ದದ್ದು ಮತ್ತೆ ಹಾರುವುದಿಲ್ಲ.
ವೇಗವರ್ಧಕ ಅಂತ ಪಠ್ಯದಲ್ಲಿ ಬರೆದಿರುತ್ತಾರೆ,
ನಾನು ದಲ್ಲಾಳಿ ಎನ್ನುತ್ತೇನೆ,
ಕಮಿಷನ್ ಕೇಳದ ದಲ್ಲಾಳಿ.

ಹೇಳಿದಷ್ಟು ಸಲೀಸಲ್ಲ.
ಧೂಳು ಕಿಟಕಿಗೆ ಕವುಚಿಕೊಳ್ಳುತ್ತದೆ.
ಪಾದರಸದ ಕುರ್ಚಿಯಲ್ಲಿ ಗಂಧಕ ಮೊದಲೇ ಬಂದು ಕೂತಿರುತ್ತದೆ.
ಶಮಾಲ್ ಗಾಳಿ ಎದ್ದ ದಿನ ಸೂರ್ಯನಿಗೂ ರಜೆ.
ಸ್ವಾತ್ ಕಡೆಯ ಗುಲ್‌ಜರೀನ್ ನೆರಳಿನಿಂದ ಮೆಲ್ಲಗೆದ್ದು
ಕೊರಳ ಬಟ್ಟೆಯಿಂದ ಗಾಜು ಒರೆಸಿ ಬರುತ್ತಾನೆ.
ಈಗ ಕೆಲಸ ಮಾಡಬಾರದು ಕಣಯ್ಯಾ ಎಂದರೆ
"ಇದು ಕೆಲಸವಲ್ಲ ಬೆಹನ್, ಗಾಜು ಮಸುಕಾದರೆ
ಕೈ ತಾನಾಗಿ ಹೋಗುತ್ತೆ."
ನೂರರಲ್ಲಿ ಅರವತ್ತು ಹಿಡಿದ ದಿನ ಖರ್ಜೂರ ಹಂಚಿದೆವು.
ಮ್ಯಾನೇಜರು ಒಂದು ತಿಂದು
ಇದ್ದಿಲ ಪುಡಿಯ ದರಪಟ್ಟಿ ತೋರಿಸಿದರು.

ನನ್ನಪ್ಪ ಗಜೇಂದ್ರಗಡದ ಪತ್ತಾರ, ಮೌನೇಶ.
ಶಾರ್ಜಾದ ಬಂಗಾರದಂಗಡಿಯ ಹಿಂದೆ
ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತಾರು ವರ್ಷ.
ಅದಕ್ಕೂ ಮೊದಲು, ಊರಲ್ಲಿ, ಬೆಳ್ಳಿಯ ಮುಖವಾಡಗಳಿಗೆ ಗಿಲೀಟು:
ಬಂಗಾರಕ್ಕೆ ಪಾದರಸ ಅರೆದು, ಬೆಣ್ಣೆಯಾಗಿಸಿ, ಸವರಿ
ಕೆಂಡಕ್ಕೆ ಹಿಡಿದರೆ ರಸ ಹಾರಿ ಬಂಗಾರ ಉಳಿಯುತ್ತಿತ್ತು.
ಹಾರಿದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಿರಲಿಲ್ಲ.
ಕೂತಲ್ಲಿ ಕೂರದ ನನ್ನನ್ನು ಅವ್ವ ಪಾದರಸ ಎನ್ನುತ್ತಿದ್ದಳು.
ಈಗ ಕೂತಲ್ಲಿ ಕೂರದ್ದು ಅಪ್ಪನ ಕೈ.
ಚಹಾ ಅರ್ಧ ಲೋಟದಲ್ಲಿ, ಅರ್ಧ ಅಂಗಿಯ ಮೇಲೆ.

ರಾತ್ರಿ ಕೇಳುತ್ತಾನೆ: "ಎಷ್ಟ ಸಿಕ್ತವ್ವಾ?"
ಮೈಕ್ರೋಗ್ರಾಮು ಅವನಿಗೆ ಆಗದು,
ಗುಲಗಂಜಿಯಲ್ಲಿ ಹೇಳಬೇಕು.
ಔಷಧಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ.
ಗಂಟೆಗೆ ಇಷ್ಟು ಹೊಗೆ, ದಿನಕ್ಕೆ ಎಂಟು ಗಂಟೆ ಬಿಸಿಲು,
ಶಮಾಲ್ ದಿನಗಳನ್ನು ಬಿಟ್ಟು.
"ಒಂದು ಗುಲಗಂಜಿ ಆಗಬೇಕಾದರೆ ನಾಲ್ಕು ತಿಂಗಳ ಬಿಸಿಲು, ಅಪ್ಪಾ."

ನಕ್ಕ. ಕೆಮ್ಮು ಬರುವ ತನಕ ನಕ್ಕ.
"ಒಂದ ಮುಖವಾಡಕ್ಕ ನಾ ತೊಲಿಗಟ್ಟಲೆ ಹಾರಸ್ತಿದ್ದೆ."
ಆಮೇಲೆ ಸುಮ್ಮನಾದ.
ಆಮೇಲೆ ಟ್ರಂಕಿನ ತಳದಿಂದ ತಕ್ಕಡಿಯ ಡಬ್ಬಿ ತೆಗೆಸಿ
ಒಂದು ಕಾಳು ಹೆಕ್ಕಲು ನೋಡಿದ. ಆಗಲಿಲ್ಲ.
ಡಬ್ಬಿಯನ್ನೇ ನನ್ನ ಅಂಗೈಗೆ ಮಗುಚಿದ.
ಕೆಂಪು ಕಾಳು, ಕಪ್ಪು ಮೂತಿ.
"ಒಂದ ತಗೊಂಡ ಹೋಗ. ತೂಕ ಸರಿಯಾದ ದಿನ ಹೇಳ."

ಕಿಟಕಿಯ ಕೆಳಗೆ ಟೇಪು ಹಚ್ಚಿ ಅಂಟಿಸಿದ್ದೇನೆ.
ಇವತ್ತಿಗೆ ನಲವತ್ತೊಂದು ದಿನ.
ಗುಲ್‌ಜರೀನ್ ಏನೆಂದು ಕೇಳಿಲ್ಲ.
ಗಾಜಿನ ಜೊತೆ
ಅದನ್ನೂ ಒರೆಸುತ್ತಾನೆ.