ಅರವತ್ತು ಎಣಿಸುವಷ್ಟು ಹೊತ್ತು

ಮಂಗಳವಾರ. ಕೆ.ಎಂ. ದೊಡ್ಡಿಯ ಆಸ್ಪತ್ರೆ, ಎಂಟನೇ ಕೋಣೆ.
ಕಿಟಕಿಗೆ ಹಸಿರು ಪರದೆ, ಪರದೆಗೆ ಮೂರು ಪಿನ್ನು.
ಗಾಳಿ ಬೀಸಿದರೆ ಕಾಕಂಬಿಯ ವಾಸನೆ,
ಬೀಸದಿದ್ದರೆ ಡೆಟಾಲು.
ನನ್ನ ಕೆಲಸ ಬ್ಯಾಟರಿ ಹಿಡಿಯುವುದು.
ಹನ್ನೊಂದು ವರ್ಷದಿಂದ ಹಿಡಿದಿದ್ದೇನೆ,
ಕೈ ನಡುಗದಂತೆ.

ಹತ್ತಿಯನ್ನು ವಿನೆಗರಿನಲ್ಲಿ ಅದ್ದಿ
ವೈಜಯಂತಿ ಮೇಡಂ ಒಳಗೆ ಒತ್ತುತ್ತಾರೆ, ಬಿಡುತ್ತಾರೆ.
ಆಮೇಲೆ ಒಂದು ನಿಮಿಷ ಯಾರೂ ಏನೂ ಮಾಡುವಂತಿಲ್ಲ.
ಬೆಳ್ಳಗಾದರೆ ಒಂದು ದಾರಿ,
ತಿಳಿಗೆಂಪಾಗೇ ಉಳಿದರೆ ಸೀರೆ ಸರಿಮಾಡಿಕೊಂಡು ಊರ ದಾರಿ.
ಗೋಡೆ ಗಡಿಯಾರದ ಸೆಲ್ಲು ಸತ್ತು ತಿಂಗಳಾಯಿತು,
ಇಂಡೆಂಟು ಮಂಡ್ಯದಲ್ಲಿ ಕೂತಿದೆ.
ಹಾಗಾಗಿ ನಾನೇ ಎಣಿಸುತ್ತೇನೆ, ಗಟ್ಟಿಯಾಗಿ, ಅರವತ್ತರವರೆಗೆ.

ಆ ಅರವತ್ತರೊಳಗೆ ಏನೆಲ್ಲ ಹಿಡಿಯುತ್ತದೆ!
ಬಸ್‌ಸ್ಟ್ಯಾಂಡಿನಲ್ಲಿ ಗೋಬಿ ಗಾಡಿ ಇಟ್ಟಿರುವ ಗೌರಾಜಮ್ಮ
ಮೂಗರಳಿಸಿ, "ನಮ್ ಗಾಡಿ ವಾಸ್ನೆ ಇಲ್ಲಿಗೂ ಬಂತಲ್ಲ,
ನನ್ನೇನು ಉಪ್ಪಿನಕಾಯಿ ಹಾಕ್ತೀರಾ?" ಅಂದು
ಹದಿನೈದಕ್ಕೆ ನಕ್ಕು, ಮೂವತ್ತಕ್ಕೆ ಸುಮ್ಮನಾದಳು.
ಮುಬೀನಾ ಬಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಓದಿಕೊಂಡರು.
ಕಬ್ಬಿನ ತರಗು ಸುಲಿದು ಸುಲಿದು
ಅಂಗೈ ತುಂಬ ಗೀರಾದ ದೇವೀರಮ್ಮ
ನಲವತ್ತೈದರ ಹೊತ್ತಿಗೆ ಹೇಳಿದಳು, ಫ್ಯಾನಿಗೆ ಹೇಳುವ ಹಾಗೆ:
"ಮುಟ್ಟು ನಿಂತು ಎಲ್ಡು ವರ್ಸ ಆಗಿತ್ತು.
ಸಂಕ್ರಾಂತಿಯಿಂದ ಮತ್ತೆ ಕಾಣ್ತಾ ಅದೆ.
ವಯಸ್ಸು ವಾಪಸ್ ಬಂತು ಅನ್ಕಂಡೆ ಕಣವ್ವ."

ಆವತ್ತು ಅರವತ್ತು ಮುಗಿದರೂ ಎಣಿಸುತ್ತಲೇ ಇದ್ದೆ.
ಅರವತ್ತೊಂದು, ಅರವತ್ತೆರಡು.
"ಸಾಕು ಸಿಸ್ಟರ್," ಅಂದರು ಮೇಡಂ.
ಬೆಳಕು ಬಿದ್ದಲ್ಲಿ
ಹಾಲಿಗೆ ಕೆನೆ ಕಟ್ಟಿದ ಹಾಗೆ ಒಂದು ಅಂಚು.

ಮೈಸೂರಿಗೆ ಚೀಟಿ. ದೇವೀರಮ್ಮ ಅದನ್ನು ಮಡಿಚಿ
ಎಲೆಯಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟು
"ಕಟಾವು ಮುಗೀಲಿ, ಹೋಯ್ತೀನಿ" ಅಂದಳು.
ಮುಗಿಯಲು ಬಿಡಲಿಲ್ಲ ಆಶಾ ಪುಷ್ಪಲತಾ.
ಗದ್ದೆಗೇ ನುಗ್ಗಿ, ಕೈಯಿಂದ ಕುಡುಗೋಲು ಕಿತ್ತುಕೊಂಡು
ಏಳೂ ಮುಕ್ಕಾಲರ ಬಸ್ಸು ಹತ್ತಿಸಿದಳಂತೆ.
ಮುಂದಿನದು ಮೈಸೂರಿನವರ ರಿಜಿಸ್ಟರಿನಲ್ಲಿದೆ.
ನಮ್ಮದರಲ್ಲಿ ಅವಳ ಹೆಸರಿನೆದುರು ಒಂದು ಕೆಂಪು ಗೆರೆ.

ಸಂಘದ ಮೀಟಿಂಗಿನಲ್ಲಿ, ಡೇರಿ ಮುಂದೆ ಕ್ಯಾನುಗಳ ನಡುವೆ,
ಸಿಕ್ಕವರಿಗೆಲ್ಲ ಹೇಳುತ್ತೇನೆ: ಮೂವತ್ತು ದಾಟಿತಾ, ಬನ್ನಿ,
ನೋವಿಲ್ಲ, ದುಡ್ಡಿಲ್ಲ, ನಾಚಿಕೆಗೆ ಪರದೆ ಇದೆ.

ಕಳೆದ ಮಂಗಳವಾರ ಇಪ್ಪತ್ಮೂರು ಜನ ಮುಗಿದು
ಗ್ಲೌಸು ಬಿಚ್ಚುತ್ತಿದ್ದೆ.
ನೆಲ ಒರೆಸುತ್ತಿದ್ದ ಪುಟ್ಟಮಾದಮ್ಮ ಕೋಲಿಗೆ ಗಲ್ಲ ಊರಿ
"ಎಲ್ಲಾರ್ದೂ ಆಯ್ತು. ನಿಂದ್ಯಾವಾಗ?" ಅಂದಳು.
ನನ್ನ ಬಾಯಿಗೆ ಉತ್ತರಗಳು ಸಾಲುಗಟ್ಟಿ ಬಂದವು:
ಮನೇಲಿ ಅತ್ತೆ, ಮಗಳ ಟ್ಯೂಷನ್ನು, ಹೊತ್ತಾಯಿತು, ಮುಂದಿನ ವಾರ.
ಎಲ್ಲವೂ ಇನ್ನೊಬ್ಬರ ಬಾಯಲ್ಲಿ ಕೇಳಿ ನಾನು ಗದರಿದ್ದವೇ.
ಮೇಡಂ ತಲೆ ಎತ್ತಲಿಲ್ಲ,
ಇನ್ನೊಂದು ಗ್ಲೌಸಿನ ಪೊಟ್ಟಣ ಹರಿದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ
ಈ ಕೋಣೆಯ ಸೂರು ನೋಡಿದೆ.
ಮೂಲೆಯಲ್ಲೊಂದು ಒದ್ದೆ ಕಲೆ, ಮಗು ಬರೆದ ಆನೆಯಂಥದು.
ಇದನ್ನೇ ನೋಡುತ್ತಿದ್ದರಾ ಅವರೆಲ್ಲ?
ವಿನೆಗರು ತಣ್ಣಗೆ ಮುಟ್ಟಿತು.
ತಣ್ಣಗಿರುತ್ತದೆ ಅಂತ ನಾನು ಯಾರಿಗೂ ಹೇಳಿರಲಿಲ್ಲ.

ಬ್ಯಾಟರಿ ಪುಟ್ಟಮಾದಮ್ಮನ ಕೈಯಲ್ಲಿ.
ಅವಳ ಲೆಕ್ಕ ಇಪ್ಪತ್ತಕ್ಕೆ ಮುಗಿಯುತ್ತದೆ,
ಮೂರು ಸಲ ಇಪ್ಪತ್ತು, ಅಷ್ಟೇ ತಾನೆ, ಅಂದಳು.
ರಾಗಿ ಅಳೆಯುವವಳ ಹಾಗೆ ಒಂದನ್ನು ಒಂದು ಅನ್ನದೆ
"ಲಾಬ, ಎಲ್ಡು, ಮೂರು..."
ಮೊದಲ ಇಪ್ಪತ್ತು ಆಯಿತು. ಎರಡನೆಯದೂ.
ಮೂರನೆಯದರಲ್ಲಿ ಹದಿಮೂರು, ಹದಿನಾಲ್ಕು, ಅಂದು ನಿಂತಳು.
"ಎಲ್ಲಿದ್ದೆ ನಾನು?"
"ಹದಿನಾಲ್ಕು," ಅಂದೆ.
"ಹೇಳ್ಕೊಡಬ್ಯಾಡ, ಸುಮ್ಕೆ ಮನೀಕೊ," ಎಂದು ಗದರಿ
ಮತ್ತೆ ಲಾಭದಿಂದ ಶುರುಮಾಡಿದಳು.