ಖರೇ ಫೈನಲ್

ಹದಿನೈದು ದಿನದಿಂದ ಡಬ್ಬಿಯೊಳಗ
ಹಲ್ಲಿ ಲೊಚಗುಟ್ಟಿದಂಗ ಸಪ್ಪಳ.
ಮೊದಲ ಸಲ ಕೃಷ್ಣ ಕೃಷ್ಣ ಅಂತ ಟೇಬಲ್ ಬಡದಿದ್ದೆ.
ತೌಸೀಫ ಬಂದು ಕಿವಿಗೊಟ್ಟ:
"ದ್ರಾಕ್ಷಾಯಣಕ್ಕ, ಡಿಸ್ಕ್ ಹೋಗೂದರಾಗೈತಿ.
ಅದಕ್ಕಿಂತ ಮೊದಲ ಎಲ್ಲಾ ಹೊರಗ ತಗೀಬೇಕು."

ಕಿಸೆದಾಗಿಂದ ಹೊಸದು ತಗದ.
ಅರ್ಧ ವೀಳ್ಯದೆಲಿಯಷ್ಟೂ ಇಲ್ಲ.
ತಿರುಗೂದಿಲ್ಲಂತ, ಸಪ್ಪಳಿಲ್ಲಂತ.
ಇಷ್ಟರಾಗ ಬೆಟಗೇರಿಯ ಇಪ್ಪತ್ತೆರಡು ವರ್ಷದ ಮದುವಿ
ಹಿಡಿಸ್ತಾವೇನೋ?
"ಇನ್ನೂ ಜಾಗ ಉಳಿತೈತಿ ಅಕ್ಕಾ."

ಹಸಿರು ಪಟ್ಟಿ ತೆವಳಾಕ ಹತ್ತಿತು.
ಸಾಲುಗಟ್ಟಿ ಹೊಂಟುವು ಹೆಸರು:
ಹೊಸಕೇರಿ ಮದುವಿ, ಹೊಸಕೇರಿ ಫೈನಲ್,
ಹೊಸಕೇರಿ ಫೈನಲ್ ಎರಡು,
ಸೋದರಮಾವನ ಹೆಸರು ಸೇರಿಸಿದ್ದು,
ಹೊಸಕೇರಿ ಖರೇ ಫೈನಲ್.

ಯಾರ ಮುಂದೂ ಹೇಳಿಲ್ಲ,
ಹೊಸಾ ಹಾಳಿ ನಾ ಯಾವತ್ತೂ ತಗದಾಕೆಲ್ಲ.
ಮದುವಿ ತಗದು, ಗಂಡು ಹೆಣ್ಣು ಅಳಿಸಿ, ತೊಟ್ಟಿಲ ಇಟ್ಟೆ.
ತೊಟ್ಟಿಲ ಅಳಿಸಿ ಗೃಹಪ್ರವೇಶ.
ಒಮ್ಮೆ ಕರಿ ಅಂಚಿನ ಕಾರ್ಡಿನ ಬುಡಕ
'ತಮ್ಮ ಆಗಮನವೇ ಉಡುಗೊರೆ' ಉಳದುಬಿಟ್ಟಿತ್ತು.
ಕಂಡದ್ದು ಮುನ್ನೂರು ಅಚ್ಚಾದ ಮ್ಯಾಲ.
ಆ ಮನಿ ಹಿರೇಮಗ ಓದಿದ, ಮತ್ತೊಮ್ಮೆ ಓದಿದ,
"ಇರ್ಲಿ ಬಿಡ್ರಿ, ಅಪ್ಪಗ ಮಂದಿ ಬಂದ್ರ ಖುಷಿನ ಇತ್ತು" ಅಂದ.

ನಲವತ್ತೊಂದಕ್ಕ ನಿಂತಿತು ಪಟ್ಟಿ.

ಎದುರು ಮನಿ ಅಂಬೂಬಾಯಿ ಬಂದು ಹೊಸ್ತಿಲದಾಗ ಕುಂತ್ರು.
ಮಗ್ಗಕ್ಕ ಹೊಸ ಹಾಸು ಕೂಡಿಸೂ ಕೈ ಅವು:
ಹಳೇ ಎಳಿ ತುದಿಗೆ ಹೊಸ ಎಳಿ,
ಬೂದಿ ಹಚ್ಚಿ ಹೊಸದು, ಮೂರು ಸಾವಿರ ಸಲ.
"ಹಳೇದನ್ನ ಪೂರಾ ಕತ್ತರಿಸಬಾರದವ್ವಾ.
ತುದಿ ಇದ್ರ, ಅದರ ಬೆನ್ನ ಹಿಡದು
ಹೊಸದು ಹಣಿಗಿ ಹಲ್ಲು ದಾಟತೈತಿ."
ತೌಸೀಫ ನಕ್ಕ: "ಅಜ್ಜೀ, ನಮ್ಮ ಅಂಗಡಿಗೆ ಬರ್ರಿ ಕೆಲಸಕ್ಕ."

"ಒಂದು ಫೈಲ್ ಓದಾಕ ಬರವಲ್ದು. ಬಿಡ್ಲೇನು?"
ಹೇಮಾವತಿ, ಎರಡುಸಾವಿರದ ಹನ್ನೊಂದು.
ಅಚ್ಚಿಗೆ ಹೋಗಲಿಲ್ಲ ಅದು.
ಪ್ರೂಫ್ ನೋಡಾಕ ಹುಡಿಗಿನ ಬಂದಿದ್ಲು ಒಬ್ಬಾಕಿನ.
ತನ್ನ ಹೆಸರಿನ ಮ್ಯಾಲ ಬೆರಳಿಟ್ಟು ಬಾಳ ಹೊತ್ತು ನಿಂತು
"ಅಚ್ಚು ಹಾಕಬ್ಯಾಡ್ರಿ" ಅಂದ್ಲು.
ಮುಂಗಡ ವಾಪಸ್ ಕೇಳಲಿಲ್ಲ.
"ಬಿಡು" ಅಂದೆ.
ಅಂದ ಮ್ಯಾಲ ಗೊತ್ತಾತು,
ಅದರ ಒಂದೊಂದು ಸಾಲೂ ನನಗ ಬಾಯಿಪಾಠ.

ಸಾಫ್ಟ್‌ವೇರ್ ಬರೇ ಎತ್ತಿಟ್ರ ಏಳೂದಿಲ್ಲಂತ,
ಹೊಸದಾಗಿ ನೆಡಬೇಕಂತ. ಕೀ ಕೇಳಿತು.
ಕಪಾಟಿನ ಬಾಗಿಲ ಹಿಂದ
ನನಗ ಟೈಪ್ ಕಲಿಸಿದ ಗಡ್ಡಿ ಮಾಸ್ತರ
ಪೆನ್ಸಿಲ್‌ಲೆ ಬರದಿಟ್ಟ ಹದಿನಾರು ಅಂಕಿ.
ಕಡೇದು ಏಳೋ, ಒಂದೋ? ಏಳು.

ಎಲ್ಲಾ ಬಂತು. ಆದ್ರ ಯಾವ ಕಾರ್ಡ್ ತಗದ್ರೂ
ನೆತ್ತಿಮ್ಯಾಲ ಗಣಪತಿ ಇಲ್ಲ.
ಖಾಲಿ ಚೌಕ, ಅದಕ್ಕೊಂದು ಅಡ್ಡಗೀಟು.
ಡಿ ಅಂತಿದ್ದ ಓಣಿಗೆ ಎಫ್ ಅಂತ ಹೆಸರು ಬಿದ್ದಿತ್ತು,
ಹಳೇ ವಿಳಾಸ ಹಿಡಕೊಂಡು
ಮನಿ ಸಿಗಲಾರದ ನಿಂತಿದ್ದ ಗಣಪ.
ತೌಸೀಫ ಓಣಿಗೆ ಹಳೇ ಹೆಸರಿಟ್ಟ.
ಕಣ್ಣು ಮುಚ್ಚಿ ತಗಿಯೂದ್ರಾಗ
ಎಲ್ಲಾ ಮದುವ್ಯಾಗೂ ಬಂದು ಕುಂತ.

ಇವತ್ತು ಮುಂಜಾನೆ ಗುಂಡಿ ಒತ್ತಿದೆ.
ಮೊದಲಾದ್ರ ಅದು ಏಳೂದ್ರಾಗ ಚಾ ಬರ್ತಿತ್ತು, ಆರ್ತಿತ್ತು,
ಅಂಬೂಬಾಯಿ ಸೊಸಿ ಸುದ್ದಿ ಅರ್ಧಕ್ಕ ಬಂದಿರ್ತಿತ್ತು.
ಈಗ ಬೆರಳು ತಗಿಯೂದ್ರಾಗ ಬೆಳಕು.
ಸಪ್ಪಳಿಲ್ಲ.
ಚಾದ ಹುಡುಗ ಇನ್ನೂ ತಿರುವಿನ್ಯಾಗೂ ಇಲ್ಲ.

ಸುಮ್ಮನ ಕುಂಡ್ರಾಕಾಗದ
ಹೊಸಾ ಹಾಳಿ ತಗದೆ.
ಚಿ. ಕುಂ. ಸೌ. ಅಂತ ಕೈ ತಾನ ಶುರುಮಾಡಿತು.
ಅದನ್ನ ಅಳಿಸಿ
ಬರೇ ಹೇಮಾವತಿ ಅಂತ ಬರದೆ.

ಎಲ್ಲಿ ಉಳಿಸ್ಲಿ ಅಂತ ಕೇಳಿತು.